ಗದ್ದೆಯ ಮಣ್ಣಿನಿಂದ ಬರುವ ಜ್ವರ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನು ಮಾಡಿ, "ಅಕ್ಕ, ನಿಮ್ಮ ಸಾಧನೆಯ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು" ಎಂದರು. ಎರಡು ದಿನ ಯೋಚನೆ ಮಾಡಿದೆ. ನಾನು 1989ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಆಮೇಲೆ ಲ್ಯಾಬ್ ಟೆಕ್ನೀಶಿಯನ್ ಕೋರ್ಸು ಮಾಡಿದೆ. ಮೂವತ್ತು ವರ್ಷಗಳಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನಾನು ಡಾಕ್ಟರಲ್ಲ. ರಕ್ತ, ಕಫ, ಮೂತ್ರ, ಕೀವು ನನ್ನ ಮೇಜಿಗೆ ಬರುತ್ತವೆ. ಅದರಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ನೋಡಿ ಬರೆದು ಕೊಡುವುದು ನನ್ನ ಕೆಲಸ. ರೋಗಿಯ ಮುಖ ನಾನು ನೋಡುವುದಿಲ್ಲ, ನನ್ನ ಮುಖ ರೋಗಿಗೆ ಗೊತ್ತಿರುವುದಿಲ್ಲ. ಇದರಲ್ಲಿ ಸಾಧನೆ ಎಂದು ಹೇಳಿಕೊಳ್ಳುವಂಥದ್ದು ಕಡಿಮೆ. ಆದರೆ ಈ ಊರಿನವರಿಗೆ ಹೇಳಲೇಬೇಕಾದ ಒಂದು ವಿಷಯ ನನ್ನ ಹತ್ತಿರ ಇದೆ. ಹಾಗಾಗಿ ಸಾಧನೆಯನ್ನು ಬದಿಗಿಟ್ಟು ಒಂದು ಜ್ವರದ ಬಗ್ಗೆ ಮಾತಾಡುತ್ತೇನೆ. ಹಬ್ಬದ ದಿನ ಕಾಯಿಲೆಯ ಮಾತು ಯಾಕೆ ಎಂದು ಬೇಸರ ಮಾಡಿಕೊಳ್ಳಬೇಡಿ. ಇಷ್ಟು ಜನ ಒಟ್ಟಿಗೆ ಸೇರುವುದು ಇನ್ನು ಯಾವಾಗಲೋ.

ಮೊದಲು ಈ ಶಾಲೆಯ ಒಂದು ನೆನಪು. ಒಂಬತ್ತನೇ ತರಗತಿಯಲ್ಲಿ ನಮಗೆ ವಿಜ್ಞಾನ ಹೇಳುತ್ತಿದ್ದ ಮಾಸ್ಟ್ರು, ಬೀರುವಿನಲ್ಲಿ ಮರದ ಪೆಟ್ಟಿಗೆಯೊಳಗೆ ಬೀಗ ಹಾಕಿ ಇಟ್ಟಿದ್ದ ಮೈಕ್ರೋಸ್ಕೋಪನ್ನು ವರ್ಷಕ್ಕೆ ಒಂದು ಸಲ ಹೊರಗೆ ತೆಗೆಯುತ್ತಿದ್ದರು. ಇಡೀ ಶಾಲೆಗೆ ಇದ್ದದ್ದು ಅದೊಂದೇ. ಆ ವರ್ಷ ಅವರು ನನ್ನನ್ನೇ ಕರೆದು, "ಹೋಗು, ಗದ್ದೆಯಿಂದ ಒಂದು ಲೋಟ ನೀರು ತಾ" ಎಂದರು. ಶಾಲೆಯ ಹಿಂದಿನ ಬೈಲಿನಲ್ಲಿ ಆಗಷ್ಟೇ ನಾಟಿ ಮುಗಿದಿತ್ತು. ಮೊಣಕಾಲವರೆಗೆ ಕೆಸರು ಮಾಡಿಕೊಂಡು ನೀರು ತಂದೆ. ಸಾಲಿನಲ್ಲಿ ನಿಂತು ಒಬ್ಬೊಬ್ಬರೇ ಒಂದು ಕಣ್ಣು ಮುಚ್ಚಿ ನೋಡಿದೆವು. ಆ ಒಂದು ಹನಿಯಲ್ಲಿ ಏನೇನೋ ಓಡಾಡುತ್ತಿತ್ತು. ಹಿಂದೆ ನಿಂತಿದ್ದ ಹುಡುಗನೊಬ್ಬ, "ಇಷ್ಟೆಲ್ಲ ನಮ್ ಗದ್ದೀಲಿ ಇತ್ತಾ?" ಎಂದು ಕೇಳಿದ. ಮಾಸ್ಟ್ರು ನಕ್ಕು, "ನಿನಗೆ ಕಾಣದ್ದು ಇನ್ನೂ ಎಷ್ಟೋ ಇದೆ" ಎಂದರು. ನಾನು ಲ್ಯಾಬಿನ ಕೆಲಸಕ್ಕೆ ಸೇರಿದ್ದು ಆ ದಿನದಿಂದ ಎಂದೇ ನನ್ನ ಲೆಕ್ಕ.

ಮಾಸ್ಟ್ರು ಹೇಳಿದ್ದು ನಿಜ. ಒಂದು ಚಮಚ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಲ್ಲಿ ಬಹುಪಾಲು ನಮ್ಮ ಗೊಡವೆಗೆ ಬರುವುದಿಲ್ಲ. ಬಿದ್ದ ಎಲೆಯನ್ನು ಕೊಳೆಸಿ ಗೊಬ್ಬರ ಮಾಡುವುದು ಅವೇ. ನಾವು ಉಣ್ಣುವ ಅನ್ನದ ಹಿಂದೆ ಅವುಗಳ ದುಡಿಮೆ ಇದೆ. ಎಲ್ಲೋ ಕೆಲವು ಮಾತ್ರ, ಎಲ್ಲೋ ಅಪರೂಪಕ್ಕೆ, ಗಾಯದ ಮೂಲಕ ಮನುಷ್ಯನ ರಕ್ತಕ್ಕೆ ಇಳಿಯುತ್ತವೆ. ಕ್ರೋಮೋಬ್ಯಾಕ್ಟೀರಿಯಂ ಎಂಬುದೊಂದಿದೆ. ಅದನ್ನು ಲ್ಯಾಬಿನಲ್ಲಿ ಬೆಳೆಸಿದರೆ ಪ್ಲೇಟಿನ ಮೇಲೆ ನೇರಳೆ ಹಣ್ಣಿನ ಬಣ್ಣ ಬರುತ್ತದೆ, ನೋಡಲು ಬಲು ಚೆಂದ. ಅದು ಇರುವುದು ನಿಂತ ನೀರಿನಲ್ಲಿ, ಮಣ್ಣಿನಲ್ಲಿ. ರಕ್ತಕ್ಕೆ ಹೋದರೆ ಮಾತ್ರ ಮನುಷ್ಯ ಉಳಿಯುವುದು ಕಷ್ಟ. ಆದರೆ ಅದು ನಿಜಕ್ಕೂ ಅಪರೂಪ. ನಾನು ಇಂದು ಹೇಳಹೊರಟಿರುವುದು ಇನ್ನೊಂದನ್ನು. ಅದನ್ನೂ ಎಲ್ಲರೂ ಅಪರೂಪ ಎನ್ನುತ್ತಾರೆ. ನನ್ನ ಅನುಭವದಲ್ಲಿ ಅದು ನಮ್ಮ ಕರಾವಳಿಯಲ್ಲಿ ಅಷ್ಟೇನೂ ಅಪರೂಪವಲ್ಲ, ನಾವು ಅದನ್ನು ಗುರುತಿಸುವುದು ಅಪರೂಪ.

ಆ ರೋಗದ ಹೆಸರು ಮೆಲಿಯಾಯ್ಡೋಸಿಸ್. ಬ್ಯಾಕ್ಟೀರಿಯಾದ ಹೆಸರು ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲಿಯೈ. ಹೆಸರು ಬಾಯಲ್ಲಿ ಹೊರಳದಿದ್ದರೆ ಚಿಂತೆಯಿಲ್ಲ, ನನಗೂ ಮೊದಮೊದಲು ಹೊರಳುತ್ತಿರಲಿಲ್ಲ. "ಮಣ್ಣಿನ ಜ್ವರ" ಎಂದೇ ಇಟ್ಟುಕೊಳ್ಳಿ.

ನಾನು ಅದನ್ನು ಮೊದಲು ನೋಡಿದ್ದು 1996ರ ಮಳೆಗಾಲದಲ್ಲಿ ಎಂದು ಈಗ ಅನ್ನಿಸುತ್ತದೆ. ಆಗ ಬೇರೊಂದು ಊರಿನ ಚಿಕ್ಕ ಆಸ್ಪತ್ರೆಯಲ್ಲಿದ್ದೆ, ಕೆಲಸಕ್ಕೆ ಹೊಸಬಳು. ವಾರ್ಡಿನಿಂದ ಒಂದು ರಕ್ತದ ಬಾಟಲಿ ಬಂತು. ಜೊತೆಗಿದ್ದ ಚೀಟಿಯಲ್ಲಿ "ಗಂಡಸು, 48 ವರ್ಷ, ಕೃಷಿ, ಶುಗರ್ ಇದೆ, ಹತ್ತು ದಿನದಿಂದ ಜ್ವರ" ಎಂದಿತ್ತು. ರಕ್ತದ ಕಲ್ಚರ್ ಎಂದರೆ ರೋಗಿಯ ರಕ್ತವನ್ನು ಪೋಷಕ ದ್ರವ ಇರುವ ಬಾಟಲಿಗೆ ಹಾಕಿ, ಮೈಯ ಬಿಸಿಯಷ್ಟೇ ಬಿಸಿಯಲ್ಲಿ ಇಟ್ಟು, ಏನಾದರೂ ಬೆಳೆಯುತ್ತದೆಯೇ ಎಂದು ಕಾಯುವುದು. ಬೀಜ ಬಿತ್ತಿ ಮೊಳಕೆಗೆ ಕಾದ ಹಾಗೆ. ಎರಡನೇ ದಿನ ಬೆಳೆಯಿತು. ಪ್ಲೇಟಿಗೆ ಹಾಕಿದೆ. ಸಣ್ಣ ಸಣ್ಣ ಚುಕ್ಕೆ ಬಂದವು. ಪಕ್ಕದಲ್ಲಿದ್ದ ಹಿರಿಯರು ನೋಡಿ, "ಇದು ನೀರು ಮಣ್ಣಲ್ಲಿ ಇರುವ ಸ್ಯೂಡೊಮೊನಾಸ್ ಜಾತಿಯದ್ದು. ರಕ್ತ ತೆಗೆಯುವಾಗ ಚರ್ಮದಿಂದಲೋ ಸೂಜಿಯಿಂದಲೋ ಸೇರಿರಬೇಕು" ಎಂದರು. ನಾನು ಹಾಗೆಯೇ ಬರೆದೆ: ಬಹುಶಃ ಹೊರಗಿನಿಂದ ಸೇರಿದ್ದು.

ಮರುದಿನ ಪ್ಲೇಟುಗಳನ್ನು ಹಬೆಯಲ್ಲಿ ಬೇಯಿಸಿ ಎಸೆಯುವ ಮೊದಲು ಇನ್ನೊಮ್ಮೆ ಕೈಗೆ ತೆಗೆದುಕೊಂಡೆ. ಚುಕ್ಕೆಗಳು ಒಣಗಿ, ಸುಕ್ಕುಗಟ್ಟಿ, ಒಣ ಹೂವಿನ ಹಾಗೆ ಆಗಿದ್ದವು. ಮುಚ್ಚಳ ತೆಗೆದು ಮೂಸಿದೆ. ಹಾಗೆ ಮೂಸಲೇಬಾರದು ಎಂದು ಆಗ ನನಗೆ ಗೊತ್ತಿರಲಿಲ್ಲ. ಮೊದಲ ಮಳೆ ಬಿದ್ದಾಗ ಅಂಗಳದಿಂದ ಏಳುವ ಮಣ್ಣಿನ ವಾಸನೆ ಬಂತು. ವಿಚಿತ್ರ ಅನ್ನಿಸಿತು. ಆದರೂ ಎಸೆದೆ. ವರದಿ ಕೇಳಿಕೊಂಡು ವಾರ್ಡಿನಿಂದ ಯಾರೂ ಬರಲಿಲ್ಲ. ನಾಲ್ಕು ದಿನದ ಮೇಲೆ ನಾನೇ ಹೋಗಿ ಕೇಳಿದೆ. ಆ ಹಾಸಿಗೆಯಲ್ಲಿ ಬೇರೆಯವರಿದ್ದರು. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಕೆಂಪು ಗೆರೆ ಎಳೆದಿತ್ತು.

ಹತ್ತು ವರ್ಷ ಕಳೆಯಿತು. 2006ರಲ್ಲಿ ಲ್ಯಾಬಿನವರಿಗಾಗಿ ನಡೆದ ಒಂದು ತರಬೇತಿಯಲ್ಲಿ ಪರದೆಯ ಮೇಲೆ ಒಂದು ಚಿತ್ರ ಹಾಕಿದರು. ಅದೇ ಸುಕ್ಕು, ಅದೇ ಒಣ ಹೂವು. "ಇದು ಗೊತ್ತಿದೆಯೇ?" ಎಂದು ಕೇಳಿದರು. ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಗೊತ್ತಿತ್ತು, ಆದರೆ ಹೆಸರು ಗೊತ್ತಿರಲಿಲ್ಲ. ನಾನು ಕೈ ಎತ್ತಲಿಲ್ಲ. 1996ರ ಆ ರೋಗಿಗೆ ಇದೇ ಆಗಿತ್ತು ಎಂದು ಇವತ್ತು ಸಾಬೀತು ಮಾಡಲು ನನ್ನಿಂದ ಆಗದು, ಪ್ಲೇಟು ಉಳಿದಿಲ್ಲ. ಆದರೆ ಆ ವಾಸನೆ ನನ್ನ ಮೂಗಿನಿಂದ ಹೋಗಿಲ್ಲ. ಯಾರದೋ ಮನೆಯ ಯಜಮಾನರು ಅವರು. ನಮ್ಮ ಅಪ್ಪನ ಹಾಗೆಯೇ ಗದ್ದೆಗೆ ಇಳಿಯುತ್ತಿದ್ದವರು.

ಈ ರೋಗದ ಚರಿತ್ರೆಯಲ್ಲಿ ನನಗೆ ತುಂಬ ಹಿಡಿಸಿದ ಒಂದು ಸಂಗತಿ ಇದೆ. ಇದನ್ನು ಮೊದಲು ಕಂಡುಹಿಡಿದದ್ದು ಬರ್ಮಾದ ರಂಗೂನಿನಲ್ಲಿ, 1911ರಲ್ಲಿ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಆಲ್‌ಫ್ರೆಡ್ ವಿಟ್‌ಮೋರ್ ಎಂಬ ಬ್ರಿಟಿಷ್ ವೈದ್ಯರೂ ಅವರ ಸಹಾಯಕರಾಗಿದ್ದ ಸಿ. ಎಸ್. ಕೃಷ್ಣಸ್ವಾಮಿ ಅವರೂ ಶವಪರೀಕ್ಷೆ ಮಾಡುತ್ತಿದ್ದರು. ಆಗ ಬರ್ಮಾ ಭಾರತಕ್ಕೇ ಸೇರಿತ್ತು. ಬೀದಿಯಲ್ಲಿ ಬಿದ್ದು ಸತ್ತ ಬಡವರು, ಮಾರ್ಫಿನ್ ಚುಚ್ಚಿಕೊಳ್ಳುವ ಚಟದವರು, ಅಂಥವರ ದೇಹದಲ್ಲಿ ಶ್ವಾಸಕೋಶ, ಯಕೃತ್ತು, ಗುಲ್ಮಗಳ ತುಂಬ ಕೀವುಗುಳ್ಳೆಗಳು ಕಾಣುತ್ತಿದ್ದವು. ಅದರಿಂದ ಹೊಸದೊಂದು ಬ್ಯಾಕ್ಟೀರಿಯಾ ಬೇರ್ಪಡಿಸಿದರು. ಮರುವರ್ಷ ಇಬ್ಬರೂ ಸೇರಿ ಬರೆದ ಲೇಖನ 'ಇಂಡಿಯನ್ ಮೆಡಿಕಲ್ ಗೆಜೆಟ್'ನಲ್ಲಿ ಬಂತು. ರೋಗಕ್ಕೆ ಮೆಲಿಯಾಯ್ಡೋಸಿಸ್ ಎಂದು ಹೆಸರಿಟ್ಟವರು ಸ್ಟಾಂಟನ್ ಮತ್ತು ಫ್ಲೆಚರ್ ಎಂಬ ಇಬ್ಬರು ವೈದ್ಯರು, 1921ರಲ್ಲಿ. ಬಹಳ ಕಾಲ ಇದನ್ನು ವಿಟ್‌ಮೋರ್ ಕಾಯಿಲೆ ಎಂದೂ ಕರೆಯುತ್ತಿದ್ದರು. ಕೃಷ್ಣಸ್ವಾಮಿಯವರ ಹೆಸರು ಲೇಖನದಲ್ಲಿ ಉಳಿಯಿತು, ಕಾಯಿಲೆಯ ಹೆಸರಿನಲ್ಲಿ ಸೇರಲಿಲ್ಲ. ಲ್ಯಾಬಿನವರಿಗೆ ಇದು ಹೊಸತಲ್ಲ ಬಿಡಿ. ನಾನು ಹೇಳುವುದೇನೆಂದರೆ, ನಮ್ಮವರೊಬ್ಬರು ನೂರು ವರ್ಷಕ್ಕೂ ಹಿಂದೆ ಕಂಡುಹಿಡಿದ ರೋಗ ಇದು. ನಮ್ಮ ದೇಶದಲ್ಲಿ ಇದರ ಬಗ್ಗೆ ವೈದ್ಯರು ಬರೆಯತೊಡಗಿದ್ದು 1990ರ ದಶಕದಲ್ಲಿ. ನಡುವಿನ ಎಂಬತ್ತು ವರ್ಷ ರೋಗ ಇರಲಿಲ್ಲ ಎಂದಲ್ಲ, ನೋಡಿದವರಿರಲಿಲ್ಲ.

ಈಗ ರೋಗದ ಗುಣ ಹೇಳುತ್ತೇನೆ. ಈ ಬ್ಯಾಕ್ಟೀರಿಯಾದ ಮನೆ ಮಣ್ಣು ಮತ್ತು ನೀರು. ಭತ್ತದ ಗದ್ದೆಯ ಹಸಿ ಮಣ್ಣೆಂದರೆ ಅದಕ್ಕೆ ಇಷ್ಟ. ಥಾಯ್ಲೆಂಡಿನ ಈಶಾನ್ಯ ಭಾಗದ ಗದ್ದೆಗಳಲ್ಲಿ, ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ಸುತ್ತ, ನಮ್ಮ ದಕ್ಷಿಣ ಭಾರತದಲ್ಲಿ ಅದು ಇದೆ. ಒಣಗಿದರೂ ಹಸಿದರೂ ಸುಲಭಕ್ಕೆ ಸಾಯುವುದಿಲ್ಲ. ಥಾಯ್ಲೆಂಡಿನ ವಿಜ್ಞಾನಿಗಳು ಇದನ್ನು ಬರಿಯ ಶುದ್ಧ ನೀರಿನಲ್ಲಿ, ಯಾವ ಆಹಾರವೂ ಇಲ್ಲದೆ ಇಟ್ಟಿದ್ದರು. ಹದಿನಾರು ವರ್ಷವಾದ ಮೇಲೂ ಜೀವ ಇತ್ತು.

ಮಳೆಗಾಲದಲ್ಲಿ ಮಣ್ಣು ನೆನೆದಾಗ ಇದು ಮೇಲಕ್ಕೆ ಬರುತ್ತದೆ. ಕಾಲಿನ ಒಡಕು, ಕತ್ತಿ ತಾಗಿದ ಗಾಯ, ಮುಳ್ಳು ಚುಚ್ಚಿದ ಜಾಗ, ಇವು ಅದಕ್ಕೆ ಬಾಗಿಲು. ಜೋರು ಗಾಳಿ ಮಳೆಯಲ್ಲಿ ಹಾರುವ ನೀರಿನ ಹನಿಯ ಮೂಲಕ ಉಸಿರಿಗೂ ಹೋಗಬಹುದು, ಶುದ್ಧ ಮಾಡದ ನೀರಿನ ಮೂಲಕ ಹೊಟ್ಟೆಗೂ ಹೋಗಬಹುದು. ಒಬ್ಬರಿಂದ ಒಬ್ಬರಿಗೆ ಹರಡುವುದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಇದು ಬಂದವರನ್ನು ದೂರ ಇಡುವ ಕಾರಣವೇ ಇಲ್ಲ. ದಯವಿಟ್ಟು ಇದನ್ನು ನೆನಪಿಡಿ.

ಗದ್ದೆಗೆ ಇಳಿದವರಿಗೆಲ್ಲ ಬರುತ್ತದೆಯೇ? ಇಲ್ಲ. ಗಟ್ಟಿ ಆರೋಗ್ಯದವರ ಮೈಗೆ ಅದು ಹೊಕ್ಕರೂ ರಕ್ತದ ಬಿಳಿಕಣಗಳು ಅಲ್ಲಿಯೇ ಮುಗಿಸಿಬಿಡುತ್ತವೆ. ನಮ್ಮ ಅಪ್ಪ ಅಮ್ಮ ಜೀವಮಾನವಿಡೀ ಬರಿಗಾಲಲ್ಲಿ ದುಡಿದರು, ಏನೂ ಆಗಲಿಲ್ಲ. ಇದು ಕಾಡುವುದು ಹೆಚ್ಚಾಗಿ ಶುಗರ್ ಇರುವವರನ್ನು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಬಿಳಿಕಣಗಳ ಕೈ ಸೋಲುತ್ತದೆ. ಕುಡಿತ ಹೆಚ್ಚಿರುವವರು, ಕಿಡ್ನಿಯ ತೊಂದರೆ ಇರುವವರು, ಬಹಳ ದಿನ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಕೂಡ ಜಾಗ್ರತೆ ಮಾಡಬೇಕು. ಈಗ ಯೋಚಿಸಿ. ನಾನು ಶಾಲೆಗೆ ಬರುವಾಗ ಊರಿನಲ್ಲಿ ಶುಗರ್ ಇದ್ದವರು ಎಷ್ಟು ಮಂದಿ? ಬೆರಳಲ್ಲಿ ಎಣಿಸಬಹುದಿತ್ತು. ಇವತ್ತು ಶುಗರ್ ಮಾತ್ರೆಯ ಡಬ್ಬಿ ಇಲ್ಲದ ಮನೆ ಎಷ್ಟಿದೆ? ಗದ್ದೆ ಹಳೆಯದೇ, ಬ್ಯಾಕ್ಟೀರಿಯಾವೂ ಹಳೆಯದೇ. ಬದಲಾದದ್ದು ನಮ್ಮ ಮೈ. ಮಣಿಪಾಲದ ವೈದ್ಯರು ನಮ್ಮ ಕರಾವಳಿಯ ರೋಗಿಗಳ ಬಗ್ಗೆ ವರ್ಷಗಳಿಂದ ಬರೆಯುತ್ತ ಬಂದದ್ದೂ ಇದನ್ನೇ: ಮಳೆಗಾಲ ಮತ್ತು ಶುಗರ್.

ಇದಕ್ಕೆ ತನ್ನದೇ ಆದ ಒಂದು ಲಕ್ಷಣ ಇಲ್ಲದಿರುವುದೇ ದೊಡ್ಡ ತೊಂದರೆ. ಒಬ್ಬರಲ್ಲಿ ಕೆಮ್ಮು ಕಫ ಬಂದು ಟಿಬಿಯ ಹಾಗೆ ಕಾಣುತ್ತದೆ. ಇನ್ನೊಬ್ಬರಲ್ಲಿ ಬರಿಯ ಜ್ವರ ಚಳಿ, ಇಲಿ ಜ್ವರ ಇರಬಹುದು ಎನ್ನುತ್ತಾರೆ. ಮತ್ತೊಬ್ಬರಿಗೆ ಕೀಲಿನಲ್ಲಿ ಬಾವು. ಮಗದೊಬ್ಬರಿಗೆ ಯಕೃತ್ತಿನಲ್ಲಿ ಕೀವು. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಬ್ಯಾಕ್ಟೀರಿಯಾ ರಕ್ತಕ್ಕೇ ಇಳಿದಿರುತ್ತದೆ. ಹಾಗೆ ಇಳಿದಾಗ ರಕ್ತದೊತ್ತಡ ಕುಸಿದು ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಸಾಮಾನ್ಯವಾಗಿ ಸೋಂಕು ತಗಲಿದ ಒಂದರಿಂದ ಮೂರು ವಾರದೊಳಗೆ ಜ್ವರ ಬರುತ್ತದೆ. ಕೆಲವೊಮ್ಮೆ ವರ್ಷಗಟ್ಟಲೆ ಮೈಯೊಳಗೆ ಅಡಗಿ ಕೂತಿರುತ್ತದೆ. ಎರಡನೇ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯದಲ್ಲಿ ಸೆರೆಯಾಗಿದ್ದ ಅಮೆರಿಕದ ಸೈನಿಕರೊಬ್ಬರಿಗೆ 62 ವರ್ಷದ ನಂತರ ಇದು ಕಾಣಿಸಿಕೊಂಡಿತು ಎಂದು ವೈದ್ಯರು ದಾಖಲಿಸಿದ್ದಾರೆ.

2016ರಲ್ಲಿ ವಿಜ್ಞಾನಿಗಳ ಒಂದು ತಂಡ ಲೆಕ್ಕ ಹಾಕಿ, ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಈ ರೋಗ ಬರುತ್ತದೆ, 89,000 ಜನ ಸಾಯುತ್ತಾರೆ ಎಂದು ಅಂದಾಜು ಮಾಡಿತು. ಅದರಲ್ಲಿ ದೊಡ್ಡ ಪಾಲು ನಮ್ಮ ದಕ್ಷಿಣ ಏಷ್ಯದ್ದೇ. ಇದು ಅಂದಾಜು, ತಲೆ ಎಣಿಸಿದ ಲೆಕ್ಕವಲ್ಲ. ತಲೆ ಎಣಿಸಬೇಕಾದರೆ ಮೊದಲು ರೋಗವನ್ನು ಗುರುತಿಸಬೇಕಲ್ಲ.

2021ರಲ್ಲಿ ಅಮೆರಿಕದಲ್ಲಿ ಏನಾಯಿತು ಕೇಳಿ. ನಾಲ್ಕು ಬೇರೆ ಬೇರೆ ರಾಜ್ಯಗಳಲ್ಲಿ ನಾಲ್ಕು ಜನರಿಗೆ ಈ ರೋಗ ಬಂತು. ಇಬ್ಬರು ತೀರಿಕೊಂಡರು, ಅದರಲ್ಲಿ ಒಂದು ಮಗು. ನಾಲ್ವರೂ ದೇಶ ಬಿಟ್ಟು ಹೊರಗೆ ಹೋದವರಲ್ಲ. ಅಲ್ಲಿನ ಆರೋಗ್ಯ ಇಲಾಖೆ ಬ್ಯಾಕ್ಟೀರಿಯಾದ ಜಾತಕವನ್ನೇ ತೆಗೆದು ನೋಡಿದಾಗ, ಅದು ದಕ್ಷಿಣ ಏಷ್ಯದ ಕಡೆಯ ತಳಿ ಎಂದು ತಿಳಿಯಿತು. ರೋಗಿಗಳ ಮನೆ ಮನೆ ಹುಡುಕಿದರು. ಕಡೆಗೆ ಸಿಕ್ಕಿದ್ದು ಕೋಣೆಗೆ ಸಿಂಪಡಿಸುವ ಒಂದು ಸುಗಂಧದ ಬಾಟಲಿಯಲ್ಲಿ. ಅದು ತಯಾರಾದದ್ದು ಭಾರತದಲ್ಲಿ. ಅಂಥ ಸುಮಾರು 3,900 ಬಾಟಲಿಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆದರು. ನಾಲ್ಕು ಜನರಿಗಾಗಿ ಒಂದು ದೇಶ ಅಷ್ಟು ಹುಡುಕಿತು. ಅದು ಸರಿಯೇ, ಹಾಗೆಯೇ ಹುಡುಕಬೇಕು. ನನಗೆ ಆ ಸುದ್ದಿ ಓದಿದಾಗ 1996ರ ಪ್ಲೇಟು ನೆನಪಾಯಿತು.

ಈಗ ನಮ್ಮೂರಿನ ಮಾತು. 2017ರ ಆಗಸ್ಟ್ ತಿಂಗಳು. ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೋದಾಗ ಮೆಷಿನ್ನು ಕೂಗುತ್ತಿತ್ತು. ಹಿಂದಿನ ದಿನ ಐಸಿಯುನಿಂದ ಬಂದ ಬಾಟಲಿಯಲ್ಲಿ ಬೆಳೆ ಬಂದಿದೆ ಎಂದು ಅರ್ಥ. ಒಂದು ಹನಿ ತೆಗೆದು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳು. ಎರಡು ತುದಿ ಮಾತ್ರ ಗಾಢವಾಗಿ, ನಡುವೆ ಖಾಲಿ. ಹೆಂಗಸರು ಸೀರೆಗೆ ಹಾಕುವ ಸೇಫ್ಟಿ ಪಿನ್ನಿನ ಹಾಗೆ. ಕೂಡಲೇ ಚೀಟಿ ತೆಗೆದು ನೋಡಿದೆ. ಶುಗರ್ ಇದೆ. ಕೃಷಿ. ಅದರ ಕೆಳಗೆ ವಿಳಾಸದಲ್ಲಿ ನಮ್ಮೂರಿನ ಹೆಸರು.

ಕೈ ಸ್ವಲ್ಪ ನಡುಗಿತು. ಪೂರ್ತಿ ಗುರುತಿಸಲು ಇನ್ನೂ ಒಂದೆರಡು ದಿನ ಬೇಕು. ಆದರೆ ಅಷ್ಟು ಕಾಯುವಂತಿರಲಿಲ್ಲ. ನಮ್ಮ ವಿಭಾಗದ ಡಾಕ್ಟರಿಗೆ ತೋರಿಸಿದೆ. ಅವರು ಐಸಿಯುಗೆ ಫೋನು ಮಾಡಿ, "ಮೆಲಿಯಾಯ್ಡೋಸಿಸ್ ಇರಬಹುದು, ಇಂಜೆಕ್ಷನ್ ಬದಲಿಸಿ" ಎಂದರು. ಸಾಮಾನ್ಯ ಜ್ವರಕ್ಕೆ ಕೊಡುವ ಕೆಲವು ಔಷಧಗಳು ಇದಕ್ಕೆ ನಾಟುವುದೇ ಇಲ್ಲ. ಜೆಂಟಾಮೈಸಿನ್ ಅಂಥದ್ದೊಂದು. ಇದಕ್ಕೆ ಬೇಕಾದದ್ದು ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್, ಅದೂ ಕಡಿಮೆಯೆಂದರೆ ಎರಡು ವಾರ. ಅವತ್ತು ಮಧ್ಯಾಹ್ನವೇ ಬದಲಿಸಿದರು.

ಆ ರೋಗಿ ಈಗ ಈ ಚಪ್ಪರದ ಕೆಳಗೆ ನಿಮ್ಮ ಜೊತೆಯಲ್ಲೇ ಕೂತಿದ್ದಾರೆ. ಹೆಸರು ಹೇಳುವುದಿಲ್ಲ. ಹೋದ ವಾರ ಅವರ ಮನೆಗೆ ಹೋಗಿ ಒಪ್ಪಿಗೆ ಕೇಳಿದೆ. "ಕತಿ ಹೇಳ್ ಮಾರಾಯ್ತಿ, ಹೆಸ್ರ್ ಮಾತ್ರ ಬ್ಯಾಡ" ಎಂದರು. ಅವರಿಗೆ ನಾಟಿಯ ಸಮಯದಲ್ಲಿ ಗುದ್ದಲಿ ತಾಗಿ ಪಾದದಲ್ಲಿ ಸಣ್ಣ ಗಾಯವಾಗಿತ್ತು. ಅರಸಿನ ಹಚ್ಚಿ ಮತ್ತೆ ಗದ್ದೆಗೆ ಇಳಿದಿದ್ದರು. ಜ್ವರ ಬಂತು. ಒಂದು ಕಡೆ ಇಂಜೆಕ್ಷನ್ ಕೊಟ್ಟರು. ಇನ್ನೊಂದು ಕಡೆ ಎಕ್ಸ್‌ರೇಯಲ್ಲಿ ಕಲೆ ನೋಡಿ, ಕಫದಲ್ಲಿ ಏನೂ ಸಿಗದಿದ್ದರೂ ಟಿಬಿ ಔಷಧ ಶುರು ಮಾಡಿದರು. ಯಾರನ್ನೂ ದೂರುವುದಿಲ್ಲ. ನಮ್ಮಲ್ಲಿ ಟಿಬಿಯೇ ಹೆಚ್ಚು, ಮೊದಲು ಅದೇ ನೆನಪಿಗೆ ಬರುತ್ತದೆ. ಮೂರು ವಾರದಲ್ಲಿ ಅವರು ಎದ್ದು ಕೂರಲಾರದಷ್ಟು ಸೋತಿದ್ದರು. ರಕ್ತದ ಕಲ್ಚರ್ ಆದದ್ದು ಆಮೇಲೆ.

ಹದಿನೈದು ದಿನಕ್ಕೆ ಚೇತರಿಸಿಕೊಂಡರು. ವಾರ್ಡಿಗೆ ಹೋಗಿ ನೋಡಿದೆ. ನನ್ನ ಕೆಲಸದಲ್ಲಿ ಹಾಗೆ ಹೋಗುವುದು ವಾಡಿಕೆಯಲ್ಲ. "ನೀ ಸಂಕದಾಚಿ ಮನಿ ಹೆಣ್ಣಲ್ದಾ?" ಎಂದು ಕೇಳಿದರು. ಇಬ್ಬರೂ ಸ್ವಲ್ಪ ಹೊತ್ತು ಶಾಲೆಯ ಮಾತಾಡಿದೆವು.

ಕತೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಈ ರೋಗದಲ್ಲಿ ಇಂಜೆಕ್ಷನ್ ಮುಗಿದ ಮೇಲೆ ಕಡಿಮೆಯೆಂದರೆ ಮೂರು ತಿಂಗಳು ಮಾತ್ರೆ ತೆಗೆದುಕೊಳ್ಳಬೇಕು. ಮೈಯಲ್ಲಿ ಅಡಗಿ ಉಳಿದ ಬ್ಯಾಕ್ಟೀರಿಯಾವನ್ನು ಅದು ತೆಗೆಯುತ್ತದೆ. ಇವರಿಗೆ ಮಾತ್ರೆಯಿಂದ ಹೊಟ್ಟೆ ತೊಳಸುತ್ತಿತ್ತು. ಜ್ವರ ಹೋಗಿತ್ತು, ಊಟ ಸೇರುತ್ತಿತ್ತು, ಕೊಯ್ಲು ಬಂತು. ಐದನೇ ವಾರಕ್ಕೆ ಮಾತ್ರೆ ಬಿಟ್ಟರು. ಯಾರಿಗೂ ಹೇಳಲಿಲ್ಲ. ಜನವರಿಯಲ್ಲಿ ಮತ್ತೆ ಜ್ವರ, ಈ ಸಲ ಗುಲ್ಮದಲ್ಲಿ ಕೀವು. ಮತ್ತೆ ಅದೇ ಆಸ್ಪತ್ರೆ, ಅದೇ ಇಂಜೆಕ್ಷನ್, ಇನ್ನೂ ಹೆಚ್ಚು ದಿನ. ಮೊದಲ ಸಲದ ಖರ್ಚಿಗೆ ಎರಡು ಹಸು ಮಾರಿದ್ದರು. ಎರಡನೇ ಸಲ ಸೊಸೈಟಿಯಲ್ಲಿ ಸಾಲ ಮಾಡಿದರು. ಆ ಸಲ ಮಾತ್ರ ಅವರ ಸೊಸೆ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕುತ್ತ ಪೂರ್ತಿ ಮಾತ್ರೆ ನುಂಗಿಸಿದರು. ಈಗ ಆರೋಗ್ಯವಾಗಿದ್ದಾರೆ. ಮೊನ್ನೆ ನಾನು ಹೋದಾಗ ಅಡಿಕೆ ಸುಲಿಯುತ್ತಿದ್ದರು.

ಹೆದರಿಸಲು ಇದನ್ನು ಹೇಳಲಿಲ್ಲ. ಈ ರೋಗವನ್ನು ಗೆಲ್ಲಬಹುದು ಎಂದು ತೋರಿಸಿದ ಊರೊಂದಿದೆ. ಡಾರ್ವಿನ್‌ನ ವೈದ್ಯರು 1989ರಿಂದ, ಅಂದರೆ ನಾನು ಈ ಶಾಲೆ ಬಿಟ್ಟ ವರ್ಷದಿಂದ, ತಮ್ಮಲ್ಲಿಗೆ ಬಂದ ಪ್ರತಿ ರೋಗಿಯ ಲೆಕ್ಕ ಇಟ್ಟಿದ್ದಾರೆ. ಮೊದಲ ಐದು ವರ್ಷದಲ್ಲಿ ನೂರಕ್ಕೆ 31 ಮಂದಿ ಸಾಯುತ್ತಿದ್ದರು. ಮೂವತ್ತು ವರ್ಷದ ಕೊನೆಗೆ ಅದು ನೂರಕ್ಕೆ 6ಕ್ಕೆ ಇಳಿಯಿತು. ರೋಗವನ್ನು ಬೇಗ ಗುರುತಿಸಿದರು, ಸರಿಯಾದ ಔಷಧ ಬೇಗ ಕೊಟ್ಟರು, ಐಸಿಯು ಚಿಕಿತ್ಸೆ ಚೆನ್ನಾಗಿತ್ತು. ಮಳೆಗಾಲ ಬಂದಾಗ ಊರವರಿಗೆಲ್ಲ ಎಚ್ಚರಿಕೆ ಹೇಳಿದರು. ಇದಕ್ಕೆ ಇನ್ನೂ ಲಸಿಕೆ ಬಂದಿಲ್ಲ. ಆದರೂ ಅಷ್ಟು ಜೀವ ಉಳಿದವು.

ನಾವು ಏನು ಮಾಡಬೇಕು? ಐದು ಮಾತು ಹೇಳುತ್ತೇನೆ. ಮಕ್ಕಳು ಮನೆಗೆ ಹೋಗಿ ದೊಡ್ಡವರಿಗೆ ಹೇಳಬೇಕು.

ಒಂದು, ಕಾಲು. ಗಾಯ ಇದ್ದರೆ, ಅದರಲ್ಲೂ ಶುಗರ್ ಇದ್ದರೆ, ಗಾಯ ಮಾಯುವವರೆಗೆ ಕೆಸರಿಗೆ ಇಳಿಯಬೇಡಿ. ನಾಟಿಯ ಕೆಸರಿನಲ್ಲಿ ಗಮ್‌ಬೂಟು ಹಾಕಿದರೆ ಕಾಲು ಎತ್ತಲಾಗುವುದಿಲ್ಲ ಎಂದು ನನಗೂ ಗೊತ್ತು. ಆದರೆ ತೋಟದ ಕೆಲಸಕ್ಕೆ, ಚರಂಡಿ ಬಿಡಿಸಲು, ಅಂಚು ಕೆತ್ತಲು ಹಾಕಬಹುದು. ಕೆಲಸ ಮುಗಿದ ಮೇಲೆ ಗದ್ದೆಯ ನೀರಿನಲ್ಲೇ ಕಾಲು ತೊಳೆದು ಬರುವುದು ನಮ್ಮ ಅಭ್ಯಾಸ. ಮನೆಗೆ ಬಂದು ಸೋಪು ಹಾಕಿ ಬಾವಿ ನೀರಿನಲ್ಲಿ ಇನ್ನೊಮ್ಮೆ ತೊಳೆಯಿರಿ.

ಎರಡು, ಶುಗರ್. ಮೂವತ್ತು ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. ಇದ್ದರೆ ಹತೋಟಿಯಲ್ಲಿಡಿ. ಮಳೆಗಾಲ ಬರುವ ಮೊದಲು ಒಮ್ಮೆ ನೋಡಿಸಿಕೊಳ್ಳಿ.

ಮೂರು, ಮಳೆಗಾಲದಲ್ಲಿ ಕುಡಿಯುವ ನೀರು ಕುದಿಸಿ ಆರಿಸಿದ್ದೇ ಆಗಿರಲಿ.

ನಾಲ್ಕು, ಜ್ವರ. ಮಳೆಗಾಲದಲ್ಲಿ ಮೂರು ದಿನಕ್ಕಿಂತ ಹೆಚ್ಚು ಜ್ವರ ಇದ್ದರೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತ ಕೂರಬೇಡಿ. ಡಾಕ್ಟರ ಹತ್ತಿರ ಹೋದಾಗ ಅವರು ಕೇಳದಿದ್ದರೂ ನೀವೇ ಹೇಳಿ: "ನಾನು ಗದ್ದೆ ಕೆಲಸ ಮಾಡುತ್ತೇನೆ, ನನಗೆ ಶುಗರ್ ಇದೆ, ರಕ್ತದ ಕಲ್ಚರ್ ಬೇಕಾಗಬಹುದೇ?" ಇಷ್ಟು ಕೇಳುವುದು ಅಧಿಕಪ್ರಸಂಗವಲ್ಲ. ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ರಕ್ತ ತೆಗೆದರೆ ನಮ್ಮಂಥವರಿಗೆ ಬ್ಯಾಕ್ಟೀರಿಯಾ ಸಿಗುತ್ತದೆ, ಶುರುವಾದ ಮೇಲೆ ಸಿಗುವುದು ಕಷ್ಟ.

ಐದು, ಮಾತ್ರೆ. ಗುಣವಾದ ಹಾಗೆ ಕಂಡರೂ ಹೇಳಿದಷ್ಟು ದಿನ ತೆಗೆದುಕೊಳ್ಳಿ. ಹೊಟ್ಟೆ ತೊಳಸಿದರೆ, ಮೈಮೇಲೆ ದದ್ದು ಎದ್ದರೆ ಡಾಕ್ಟರಿಗೆ ಹೇಳಿ, ಅವರು ದಾರಿ ತೋರಿಸುತ್ತಾರೆ. ಹೇಳದೆ ಬಿಡಬೇಡಿ. ಆಶಾ ಕಾರ್ಯಕರ್ತೆಯರು ಇಲ್ಲಿದ್ದಾರೆ, ಅವರ ಹತ್ತಿರವಾದರೂ ಹೇಳಿ.

ನಮ್ಮ ಹಳೆ ವಿದ್ಯಾರ್ಥಿ ಸಂಘದವರು ಮಳೆಗಾಲದಲ್ಲಿ ಕೆಸರುಗದ್ದೆ ಆಟ ನಡೆಸುತ್ತಾರೆ. "ಅಕ್ಕ, ಹಾಗಾದರೆ ಅದನ್ನು ನಿಲ್ಲಿಸಬೇಕಾ?" ಎಂದು ಅಧ್ಯಕ್ಷರು ಬೆಳಿಗ್ಗೆಯೇ ಕೇಳಿದರು. ಬೇಡ. ಹಗ್ಗ ಎಳೆಯಿರಿ, ಓಡಿ, ಬೀಳಿ. ನಮ್ಮ ಮಕ್ಕಳಿಗೆ ಕೆಸರಿನ ನಂಟು ಉಳಿದಿರುವುದು ಅದೊಂದು ದಿನ. ಹೆಸರು ಬರೆಸುವ ಮೇಜಿನ ಹತ್ತಿರ ಎರಡು ಪ್ರಶ್ನೆ ಕೇಳಿದರೆ ಸಾಕು. ಕಾಲಲ್ಲಿ ಗಾಯ ಇದೆಯೇ? ಶುಗರ್ ಇದೆಯೇ? ಇದ್ದವರು ದಡದಲ್ಲಿ ನಿಂತು ಚಪ್ಪಾಳೆ ತಟ್ಟಲಿ. ಆಟ ಮುಗಿದ ಕಡೆ ಒಂದು ಡ್ರಮ್ಮು ಒಳ್ಳೆಯ ನೀರು, ಸೋಪು ಇಡಿ.

ಕೊನೆಯ ಮಾತು. ಇವತ್ತು ಬೆಳಿಗ್ಗೆ ವಿಜ್ಞಾನದ ಕೋಣೆಗೆ ಹೋಗಿದ್ದೆ. ಆ ಮರದ ಪೆಟ್ಟಿಗೆ ಇನ್ನೂ ಬೀರುವಿನ ಮೇಲಿದೆ. ಮೈಕ್ರೋಸ್ಕೋಪಿನ ಕನ್ನಡಿ ಮಾತ್ರ ಕಪ್ಪಾಗಿದೆ. ನಮ್ಮ 1989ರ ತರಗತಿಯವರು ಸೇರಿ ಶಾಲೆಗೆ ಎರಡು ಹೊಸ ಮೈಕ್ರೋಸ್ಕೋಪು ತಂದಿದ್ದೇವೆ, ಈಗ ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತೇವೆ. ಒಂದು ವಿನಂತಿ: ಇವಕ್ಕೆ ಬೀಗ ಹಾಕಬೇಡಿ. ಹಾಳಾದರೆ ರಿಪೇರಿ ಮಾಡಿಸಿ ಕೊಡುತ್ತೇವೆ. ಮಕ್ಕಳು ನೋಡಲಿ. ಅವರಲ್ಲಿ ಒಬ್ಬರಾದರೂ ಮುಂದೊಂದು ದಿನ ಯಾವುದೋ ಲ್ಯಾಬಿನಲ್ಲಿ ಕೂತು, ಎಸೆಯುವ ಮೊದಲು ಪ್ಲೇಟನ್ನು ಇನ್ನೊಮ್ಮೆ ನೋಡಲಿ. ನೋಡಿದ್ದನ್ನು ಬಾಯಿಬಿಟ್ಟು ಹೇಳಲಿ. ನಾನು ಅಂದು ಹೇಳದೇ ಹೋದೆ.

ನನಗೆ ಮೊದಲು ನೋಡಲು ಕಲಿಸಿದ ಮಾಸ್ಟ್ರು ಇವತ್ತು ನಮ್ಮ ನಡುವೆ ಇಲ್ಲ. ಅವರ ನೆನಪಿಗೆ ತಲೆಬಾಗುತ್ತೇನೆ.